ಚಿತ್ರಗಾರ ವೆಂಕಟಪ್ಪನವರು

ಶಿವಶರಣರ ಚರಿತ್ರೆಗಳೂ ಶ್ರೀಮಠದ ಗುರುಪರಂಪರೆಯ ವೃತ್ತಾಂತಗಳೂ ತುಂಬಿರುವ ಈ ಮಹೋತ್ಸವ ಸಂಪುಟದಲ್ಲಿ ಒಬ್ಬ ಚಿತ್ರಗಾರರ ಜೀವನಕ್ಕೆ ಎಡೆಯೇಕೆಂದು ಭಕ್ತಮಹಾಶಯರಲ್ಲಿ ಕೆಲವರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮೈಸೂರಿನ ಕೆ. ವೆಂಕಟಪ್ಪನವರು ಲಿಂಗವಂತರ ಮನೆತನದಲ್ಲಿ ಹುಟ್ಟಿದವರಲ್ಲ. ನಮ್ಮ ಶ್ರೀಮಠದ ಶಿಷ್ಯವರ್ಗಕ್ಕೆ ಸೇರಿದವರೂ ಅಲ್ಲ. ಆದರೆ ಬರೆಯದೆ ಬಿಟ್ಟ ಎಡೆಯಿಂದಲೇ ಚಿತ್ರವನ್ನು ಬೆಳಗಿಸುವುದು ಹೇಗೆಂಬುದನ್ನು ಕನ್ನಡ ನಾಡಿನ ಚಿತ್ರಗಾರರೊಳಗೆ ಅವರಷ್ಟು ನಿಷ್ಠೆಯಿಂದ ಸಾಧಿಸಿದವರು ವಿರಳ. ಬಯಲೆಂಬ ಮಾತನ್ನು ಎಳವೆಯಿಂದ ಕೇಳಿ ಬೆಳೆದ ನಮ್ಮ ಜನಕ್ಕೆ ಈ ಸಾಧನೆಯ ಮರ್ಮವು ಇತರರಿಗಿಂತ ಬೇಗ ಮನದಟ್ಟಾಗುವುದೆಂಬ ನಂಬುಗೆಯಿಂದ ಈ ಚರಿತ್ರೆಯನ್ನು ಬರೆಯಲು ಉದ್ಯುಕ್ತನಾಗಿದ್ದೇನೆ.

ಮೊದಲು ನಮ್ಮ ಸೀಮೆಯ ಒಂದು ನೋಟವನ್ನು ನೆನಪಿಗೆ ತಂದುಕೊಳ್ಳೋಣ. ಕೋಲಾರದ ಪಟ್ಟಣಕ್ಕೆ ಪಡುವಲಲ್ಲಿರುವ ಅಂತರಗಂಗೆಯ ಬೆಟ್ಟವನ್ನು ಚಳಿಗಾಲದ ಬೆಳಗಿನಲ್ಲಿ ಹತ್ತಿದವರಿಗೆ ಕೆಳಗಿನ ಕೆರೆಯೂ ಹೊಲವೂ ಊರೂ ಕಾಣದೆ, ಎಲ್ಲವನ್ನೂ ಮುಚ್ಚಿದ ಬೆಳ್ಳನೆಯ ಮಂಜೊಂದೇ ಕಾಣುವುದುಂಟು. ಆ ಮಂಜಿನ ನಡುವೆ ಅಲ್ಲೊಂದು ಬಂಡೆಯ ತಲೆ, ಇಲ್ಲೊಂದು ಮರದ ತುದಿ, ದೂರದಲ್ಲಿ ಮತ್ತೊಂದು ಗುಡ್ಡದ ನೆತ್ತಿ, ಇಷ್ಟೇ. ಈ ನೋಟವನ್ನು ಬರೆದುಕೊಡೆಂದು ಒಬ್ಬ ಚಿತ್ರಗಾರನನ್ನು ಕೇಳಿದರೆ ಅವನು ಮಂಜನ್ನು ಯಾವ ಬಣ್ಣದಿಂದ ಬರೆಯಬೇಕು? ಬಿಳಿಯ ಬಣ್ಣವನ್ನು ಬಳಿದರೆ ಅದು ಸುಣ್ಣ ಹೊಡೆದ ಗೋಡೆಯಾದೀತೇ ಹೊರತು ಮಂಜಾಗದು. ಬಲ್ಲ ಚಿತ್ರಗಾರನು ಮಂಜನ್ನು ಬರೆಯುವುದೇ ಇಲ್ಲ. ಬಂಡೆಯ ತಲೆಯನ್ನು ಬರೆದು, ಕೆಳಕ್ಕೆ ಬರಬರುತ್ತ ಬಣ್ಣವನ್ನು ತೆಳುವಾಗಿಸಿ, ಮುಂದಕ್ಕೆ ಕಾಗದವನ್ನು ಇದ್ದಂತೆ ಬಿಟ್ಟುಬಿಡುತ್ತಾನೆ. ನೋಡುವವನ ಕಣ್ಣು ಆ ಬರಿಯ ಕಾಗದವನ್ನೇ ಮಂಜೆಂದು ತಿಳಿದುಕೊಳ್ಳುತ್ತದೆ. ವೆಂಕಟಪ್ಪನವರ ಜೀವನವೆಲ್ಲ ಈ ಬಿಡುವ ವಿದ್ಯೆಯ ಕಡೆಗೆ ನಡೆದ ಪಯಣವೆಂದರೆ ತಪ್ಪಾಗಲಾರದು.

ಪಯಣವೆಂದು ಹೇಳಲು ಕಾರಣವುಂಟು. ಅವರು ಹುಟ್ಟಿದ್ದು ಬಿಡುವವರ ಮನೆಯಲ್ಲಲ್ಲ, ತುಂಬುವವರ ಮನೆಯಲ್ಲಿ. 1886ನೆಯ ಇಸವಿಯಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಅವರ ಜನನವಾಯಿತು. ತಂದೆ ಕೃಷ್ಣಪ್ಪನವರು ಅರಮನೆಯ ಚಿತ್ರಗಾರರು. ಮೈಸೂರಿನ ಸಂಪ್ರದಾಯದ ಚಿತ್ರವು ಸಿದ್ಧವಾಗುವ ಬಗೆಯನ್ನು ಬಲ್ಲವರು ಬಲ್ಲರು. ಕಾಗದವನ್ನು ಹಲಗೆಗೋ ಬಟ್ಟೆಗೋ ಅಂಟಿಸಿ ಹದಗೊಳಿಸುವುದು. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ ಮೊದಲ ರೇಖೆಗಳನ್ನು ಎಳೆಯುವುದು. ಒಡವೆ, ಸಿಂಹಾಸನ, ಪ್ರಭಾವಳಿಗಳು ಬರುವೆಡೆಗಳಲ್ಲಿ ಮಕ್ಕಿ ಸಫೇದಗಳ ಸರಿಯಿಂದ ಉಬ್ಬು ಕೆಲಸ ಮಾಡಿ ಅದರ ಮೇಲೆ ಅಪರಂಜಿಯ ರೇಕನ್ನು ಒತ್ತುವುದು. ಕಡೆಗೆ ಉಜ್ಜಿ ಹೊಳಪು ತರುವುದು. ದೇವತಾಮೂರ್ತಿಯು ನಡುವೆ ಇದ್ದರೆ ಸುತ್ತಲೂ ಕಂಬ, ಕಮಾನು, ತೆರೆ, ಹೂವು, ಪರಿವಾರದವರು. ತುಂಬಿದ ಮನೆಯಲ್ಲಿ ಲಕ್ಷ್ಮಿ ಇರುವಳೆಂಬ ನಂಬುಗೆಯವರ ಚಿತ್ರವದು. ಅಲ್ಲಿ ಬರಿಯ ಜಾಗವೆಂದರೆ ಕೆಲಸ ಬಾಕಿಯುಳಿದ ಜಾಗವೆಂದೇ ಅರ್ಥ. ಚಿನ್ನದ ಗಣಿಯ ಸೀಮೆಯವರಾದ ನಮಗೆ ಆ ರೇಕಿನ ಬೆರಗನ್ನು ಬಣ್ಣಿಸಬೇಕಾದುದಿಲ್ಲ. 1880ರಿಂದ 2001ರವರೆಗೆ ನಮ್ಮ ನೆಲವನ್ನು ಅಗೆದು ಅಗೆದು ಹೊನ್ನನ್ನು ಮೇಲಕ್ಕೆ ತಂದರು. ಒಳಗೆ ಉಳಿದುದು ಮೈಲಿಗಟ್ಟಲೆ ಉದ್ದದ ಪೊಳ್ಳು ಹಾದಿಗಳು. ಹೊನ್ನಿನ ಲೆಕ್ಕವಿಟ್ಟವರು ಇದ್ದರು, ಪೊಳ್ಳಿನ ಲೆಕ್ಕವನ್ನು ಕೇಳಿದವರು ಕಡಮೆ. ಇದು ಪ್ರಕೃತ ವಿಷಯಕ್ಕೆ ಹೊರಗಿನ ಮಾತು; ಮುಂದಕ್ಕೆ ಹೋಗೋಣ.

ಬಾಲಕನ ಕೈಚಳಕವು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಗಮನಕ್ಕೆ ಬಂದಿತು. ಅರಮನೆಯ ಆಶ್ರಯವು ದೊರೆತು, 1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರಕಾರೀ ಕಲಾಶಾಲೆಗೆ ಹೋದರು. ಅಲ್ಲಿ ಪರ್ಸಿ ಬ್ರೌನರು ಮುಖ್ಯಾಧಿಕಾರಿಗಳು. ಗುರುಗಳು ಅವನೀಂದ್ರನಾಥ ಠಾಕೂರರು. ನಂದಲಾಲ ಬೋಸರು, ಅಸಿತ ಕುಮಾರ ಹಲದಾರರು ಮುಂತಾದವರು ಸಹಾಧ್ಯಾಯಿಗಳು. ಕನ್ನಡವನ್ನಾಡುವ ಜನವೇ ಇಲ್ಲದ ಆ ಮಹಾನಗರದಲ್ಲಿ ಅವರು ಏಳು ವರುಷಗಳನ್ನು ಕಳೆದರು.

ಅವನೀಂದ್ರನಾಥರ ಬಳಿಯಲ್ಲಿ ಅವರಿಗೆ ದೊರೆತ ವಿದ್ಯೆಯ ಮೂಲವನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳಬೇಕಾಗಿದೆ. 1903ರಲ್ಲಿ ಜಪಾನಿನಿಂದ ಯೊಕೊಯಾಮ ತೈಕಾನ್ ಮತ್ತು ಹಿಷಿದ ಷುನ್ಸೋ ಎಂಬ ಇಬ್ಬರು ಚಿತ್ರಗಾರರು ಕಲ್ಕತ್ತೆಗೆ ಬಂದಿದ್ದರು. ಅವರು ಕೆಲಸ ಮಾಡುವುದನ್ನು ಕಂಡು ಅವನೀಂದ್ರನಾಥರು ತಮ್ಮದೇ ಆದ ಒಂದು ಕ್ರಮವನ್ನು ರೂಢಿಸಿಕೊಂಡರು. ತೆಳುವಾಗಿ ಬಣ್ಣವಿಟ್ಟ ಕಾಗದವನ್ನು ನೀರಿನಲ್ಲಿ ಅದ್ದಿ, ಆರಿಸಿ, ಮತ್ತೆ ಬಣ್ಣವಿಟ್ಟು ಮತ್ತೆ ಅದ್ದುವ ಈ ಕ್ರಮಕ್ಕೆ ವಾಷ್ ಎಂಬ ಹೆಸರು ಬಂದಿತು. ಹೀಗೆ ಮಾಡುವುದರಿಂದ ರೇಖೆಯ ಬಿರುಸು ಕರಗಿ, ಬಣ್ಣವು ಕಾಗದದ ಮೇಲೆ ಕುಳಿತಂತಾಗದೆ ಒಳಗಿನಿಂದ ಮೂಡಿದಂತೆ ತೋರುವುದು. ಜಪಾನಿನವರಾದರೋ ಈ ದೃಷ್ಟಿಯನ್ನು ಚೀನದಿಂದ ಪಡೆದವರು. ಸುಮಾರು 800 ವರುಷಗಳ ಹಿಂದೆ, ಸೊಂಗ್ ಅರಸರ ಕಾಲದಲ್ಲಿ, ಮಾ ಯುವಾನ್ ಎಂಬ ಚಿತ್ರಗಾರನು ಹಾಳೆಯ ಒಂದು ಮೂಲೆಯಲ್ಲಿ ಬಂಡೆಯನ್ನೂ ಮರವನ್ನೂ ಬರೆದು ಉಳಿದುದೆಲ್ಲವನ್ನೂ ಬರಿದಾಗಿ ಬಿಡುತ್ತಿದ್ದುದರಿಂದ ಅವನಿಗೆ ಒಂದು ಮೂಲೆಯ ಮಾ ಎಂಬ ಅಡ್ಡಹೆಸರೇ ಬಿದ್ದಿತು. ಆ ಬರಿದು ಅವನಿಗೆ ಆಕಾಶವಾಗಿತ್ತು, ನೀರಾಗಿತ್ತು, ದೂರವಾಗಿತ್ತು. ಆ ಕಾಲಕ್ಕೆ ಕಲ್ಯಾಣದಲ್ಲಿ ಶರಣರ ಕಾಲವು ಮುಗಿದು ಬಹಳ ವರುಷಗಳಾಗಿರಲಿಲ್ಲ. ಇವರಿಗೂ ಅವರಿಗೂ ಏನೂ ಸಂಬಂಧವಿದ್ದಿತೆಂದು ನಾನು ಹೇಳುವುದಿಲ್ಲ; ಕಾಲದ ಸಾಮೀಪ್ಯವನ್ನು ತೋರಿಸಿದೆನಷ್ಟೆ.

ಕಲ್ಕತ್ತೆಯಲ್ಲಿದ್ದಾಗ ವೆಂಕಟಪ್ಪನವರು ಮಾಡಿದ ಕೆಲಸಗಳಲ್ಲಿ ಎರಡನ್ನು ಮುಖ್ಯವಾಗಿ ಹೇಳಬೇಕು. ಸೋದರಿ ನಿವೇದಿತೆಯವರೂ ಆನಂದ ಕುಮಾರಸ್ವಾಮಿಯವರೂ ಬರೆದು 1913ರಲ್ಲಿ ಹೊರಬಂದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ಅವರು ರಾಮಾಯಣದ ಪ್ರಸಂಗಗಳನ್ನು ಬರೆದುಕೊಟ್ಟರು. ಮತ್ತೊಂದು, ಭಾರತೀಯ ಶಿಲ್ಪದಲ್ಲಿಯ ಅಂಗಲಕ್ಷಣಗಳನ್ನು ಕುರಿತು ಅವನೀಂದ್ರನಾಥರು ರಚಿಸಿ 1914ರಲ್ಲಿ ಪ್ರಕಟವಾದ ಚಿಕ್ಕ ಪುಸ್ತಕಕ್ಕೆ ನಂದಲಾಲರೊಡನೆ ಕೂಡಿ ರೇಖಾಚಿತ್ರಗಳನ್ನು ಸಿದ್ಧಪಡಿಸಿದುದು. ಸಮಭಂಗ, ತ್ರಿಭಂಗ ಮೊದಲಾದ ನಿಲುವುಗಳು ಅದರಲ್ಲಿವೆ. ಬಣ್ಣವಿಲ್ಲ, ನೆರಳಿಲ್ಲ, ರೇಖೆಯೊಂದೇ. ರೇಖೆಯೊಂದರಿಂದಲೇ ತ್ರಿಭಂಗದ ಮೂರ್ತಿಯನ್ನು ಬರೆಯಹೊರಟವನಿಗೆ ಮೊದಲು ತಿಳಿಯುವ ಸಂಗತಿ ಯಾವುದೆಂದರೆ, ಮೈಯನ್ನು ಸರಿಯಾಗಿ ಬರೆದರೆ ಸಾಲದು. ಮಡಿಸಿದ ತೋಳಿಗೂ ನಡುವಿಗೂ ನಡುವೆ ಉಳಿಯುವ ತೆರಪನ್ನೂ ಸರಿಯಾಗಿ ಬರೆಯಬೇಕು. ಆ ತೆರಪು ಕೊಂಚ ಅಗಲವಾದರೆ ತೋಳು ಜೋತುಬೀಳುವುದು, ಕೊಂಚ ಕಿರಿದಾದರೆ ಮೂರ್ತಿಯು ಉಸಿರುಕಟ್ಟಿದಂತೆ ಕಾಣುವುದು.

ಈ ತೆರಪಿನ ಮಾತನ್ನು ವಾಚಕರು ತಾವೇ ಪರೀಕ್ಷಿಸಿ ನೋಡಬಹುದು. ಕೋಲಾರದ ಸೋಮೇಶ್ವರ ದೇವಾಲಯದ ಮಂಟಪದಲ್ಲಿ ಎರಡು ಕಂಬಗಳ ಎದುರಿಗೆ ನಿಂತು, ಕಂಬಗಳ ಕೆತ್ತನೆಯಿಂದ ಕಣ್ಣನ್ನು ಬಿಡಿಸಿಕೊಂಡು, ಅವುಗಳ ನಡುವಣ ಬಯಲನ್ನೇ ಒಂದು ವಸ್ತುವೆಂದು ಭಾವಿಸಿ ನೋಡಬೇಕು. ಮೊದಲು ಕಣ್ಣು ಒಪ್ಪದು. ಮತ್ತೆ ಮತ್ತೆ ಕಂಬದ ಕಡೆಗೇ ಓಡುವುದು. ಸ್ವಲ್ಪ ಹೊತ್ತು ತಾಳಿದರೆ, ಮೇಲೆ ಬೋದಿಗೆಗಳ ಕೆಳಗೆ ಕಿರಿದಾಗಿ, ನಡುವೆ ಅಗಲವಾಗಿ, ಕೆಳಗೆ ಪೀಠಗಳ ಬಳಿ ಮತ್ತೆ ಒಳಕ್ಕೆ ಸರಿದ ಒಂದು ಆಕಾರವು ಗೋಚರಿಸುವುದು. ಅದನ್ನು ಮಾತ್ರ ಕಾಗದದ ಮೇಲೆ ಬರೆದರೆ ಎರಡೂ ಕಂಬಗಳು, ಬರೆಯದೆಯೇ, ಅಕ್ಕಪಕ್ಕದಲ್ಲಿ ಬಂದು ನಿಂತಿರುತ್ತವೆ. ಕಂಬವನ್ನೇ ಬರೆಯಹೊರಟವನ ಕೈ ತಾನು ಕಂಡುದನ್ನು ಬರೆಯದೆ, ಕಂಬವೆಂದರೆ ಹೀಗಿರಬೇಕೆಂದು ತಾನು ಮೊದಲೇ ತಿಳಿದಿದ್ದುದನ್ನು ಬರೆದುಬಿಡುತ್ತದೆ. ತೆರಪಿನ ವಿಷಯದಲ್ಲಿ ಮನಸ್ಸಿಗೆ ಮೊದಲೇ ತಿಳಿದಿರುವುದು ಏನೂ ಇಲ್ಲವಾದ್ದರಿಂದ ಕಣ್ಣು ಇದ್ದುದನ್ನು ಇದ್ದಂತೆ ಕಾಣಬೇಕಾಗುತ್ತದೆ. ಈಗ ಚಿತ್ರಶಾಲೆಗಳಲ್ಲಿ ಆರಂಭದ ವಿದ್ಯಾರ್ಥಿಗಳಿಂದ ಕುರ್ಚಿಯ ಕಾಲುಗಳ ನಡುವಣ ತೆರಪನ್ನು ಬರೆಯಿಸುವುದು ಇದೇ ಕಾರಣಕ್ಕೆ. ನಮ್ಮ ತಾಯಂದಿರಿಗೆ ಇದನ್ನು ಯಾವ ಶಾಲೆಯೂ ಕಲಿಸಬೇಕಾಗಿಲ್ಲ. ಚುಕ್ಕಿಯ ರಂಗೋಲಿಯನ್ನಿಟ್ಟು ಎದ್ದುನಿಂತು ನೋಡುವಾಗ ಅವರು ಅಳೆಯುವುದು ಎಳೆಯನ್ನಲ್ಲ, ಎಳೆಗಳ ನಡುವೆ ಉಳಿದ ಸಾರಿಸಿದ ನೆಲವನ್ನು. ಅದು ಒಂದೆಡೆ ಹಿಗ್ಗಿ ಒಂದೆಡೆ ಕುಗ್ಗಿದ್ದರೆ ರಂಗೋಲಿಯು ಕೆಟ್ಟಿತೆಂದೇ ಅವರ ತೀರ್ಪು.

ಬರಿದಾದುದು ಇಲ್ಲದುದಲ್ಲವೆಂಬುದು ನಮ್ಮ ಪರಂಪರೆಗೆ ಹೊಸ ಮಾತಲ್ಲ. ಶೂನ್ಯಸಿಂಹಾಸನವನ್ನು ಏರಿದ ಅಲ್ಲಮಪ್ರಭುಗಳನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ಕುಂಬಾರ ಗುಂಡಯ್ಯನವರು ಗಡಿಗೆಯನ್ನು ಬಾರಿಸಿ ಶಿವನನ್ನು ಕುಣಿಸಿದ ಕಥೆಯು ನಮ್ಮ ಮಕ್ಕಳಿಗೂ ಗೊತ್ತು. ಆ ಗಡಿಗೆಯು ನುಡಿದುದು ಒಳಗೆ ಬರಿದಾಗಿದ್ದುದರಿಂದಲೇ ಅಲ್ಲವೆ? ಕರಸ್ಥಲದ ಇಷ್ಟಲಿಂಗಕ್ಕೆ ಕಣ್ಣು ಮೂಗುಗಳಿಲ್ಲ, ಕೈಕಾಲುಗಳಿಲ್ಲ. ಆದರೂ ದೃಷ್ಟಿಯು ನೆಲೆಗೊಳ್ಳುವುದು ಅಲ್ಲಿಯೇ. ಆದರೆ ಇಲ್ಲಿ ಒಂದು ಎಚ್ಚರವು ಅವಶ್ಯ. ಚಿತ್ರಗಾರನು ಬಿಟ್ಟ ಬರಿಯ ಕಾಗದವೂ ಶರಣರು ಅನುಭವಿಸಿದ ಬಯಲೂ ಒಂದೇ ಎಂದು ಹೇಳುವುದು ಅತಿಯಾದೀತು. ಚಿತ್ರದ ಬಯಲಿಗೆ ನಾಲ್ಕು ಅಂಚುಗಳಿವೆ. ಪ್ರಭುವಿನ ಬಯಲಿಗೆ ಅಂಚಿಲ್ಲ. ಒಂದನ್ನು ಬಲ್ಲವನಿಗೆ ಇನ್ನೊಂದರ ಸುಳುಹು ಹತ್ತಬಹುದು, ಅಷ್ಟೆ.

ವೆಂಕಟಪ್ಪನವರು 1916ರಲ್ಲಿ ಮೈಸೂರಿಗೆ ಮರಳಿದರು. ಬಂಗಾಳದಿಂದ ಬಂದ ಈ ತರುಣರು ಚಿತ್ರಗಳ ಮೇಲೆ ಚಿತ್ರಗಳನ್ನು ಬರೆಯುವರೆಂದು ಜನ ಎದುರು ನೋಡುತ್ತಿದ್ದರೆ, ಅವರು ವೀಣೆಯನ್ನು ಹಿಡಿದುಕೊಂಡು ವೈಣಿಕ ಶಿಖಾಮಣಿ ಶೇಷಣ್ಣನವರಲ್ಲಿ ಶಿಷ್ಯರಾದರು. ಹವ್ಯಾಸಕ್ಕಾಗಿ ಕಲಿತುದಲ್ಲ, ಅದು ಕುಂಚವನ್ನು ಮರೆಯಿಸುವಷ್ಟು ಪ್ರಬಲವಾಯಿತು. ತಾವು ವೀಣೆಯ ಹುಚ್ಚಿಗೆ ಬಿದ್ದವರೆಂದು ತಮ್ಮನ್ನೇ ಒಂದು ಚಿತ್ರದಲ್ಲಿ ಬರೆದುಕೊಂಡರು. ತಮ್ಮ ಕಲೆಯ ಅತ್ಯುತ್ತಮ ವರುಷಗಳನ್ನು ಅವರು ಹೀಗೆ ಕಳೆದುಕೊಂಡರೆಂದು ಮರುಗಿದವರುಂಟು. ನನಗೆ ಹಾಗೆ ತೋರುವುದಿಲ್ಲ. ಮೀಟಿದ ತಂತಿಯ ನಾದವು ಸಣ್ಣದಾಗುತ್ತ ಹೋಗಿ ಮೌನದಲ್ಲಿ ಸೇರುವುದನ್ನು ದಿನವೂ ಗಂಟೆಗಟ್ಟಲೆ ಕೇಳಿದ ಕಿವಿಯುಳ್ಳವರಿಗೆ, ಬಣ್ಣವು ಸಣ್ಣದಾಗುತ್ತ ಹೋಗಿ ಕಾಗದದಲ್ಲಿ ಸೇರುವ ಎಡೆಯು ಎಲ್ಲಿ ಬರಬೇಕೆಂಬುದು ತಿಳಿಯದೆ ಹೋದೀತೆ? ಶೇಷಣ್ಣನವರು 1926ರಲ್ಲಿ ಶಿವಾಧೀನರಾದರು.

ಸರಿಸುಮಾರು ಆ ಕಾಲದಿಂದ ಮೊದಲಾಗಿ ವೆಂಕಟಪ್ಪನವರ ಉದಕಮಂಡಲದ ಚಿತ್ರಗಳೂ, ಅನಂತರ ಕೊಡೈಕಾನಲ್ಲಿನ ಚಿತ್ರಗಳೂ ಹುಟ್ಟಿದವು. ಅವರ ಕೀರ್ತಿಯು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿದೆ. ನೀಲಗಿರಿಯ ಇಳಿಜಾರು, ಮೋಡ ಕವಿದ ಕೆರೆ, ಮಳೆಗೆ ಮುನ್ನಿನ ಬೆಳಕು, ಬೆಳುದಿಂಗಳು ಇವೇ ಅವುಗಳ ವಸ್ತು. ಇವು ಜಲವರ್ಣದ ಕೃತಿಗಳು. ಈ ಬಣ್ಣದ ಧರ್ಮವನ್ನು ಅರಿಯದೆ ಚಿತ್ರದ ಮಹಿಮೆಯು ತಿಳಿಯದಾದ್ದರಿಂದ ಒಂದೆರಡು ಮಾತು ಹೇಳುವೆನು. ಎಣ್ಣೆಯ ಬಣ್ಣದಲ್ಲಿ ಕೆಲಸ ಮಾಡುವವನು ಕಪ್ಪನ್ನು ಮೊದಲು ಬಳಿದು ಅದರ ಮೇಲೆ ಬಿಳುಪನ್ನು ಇಡಬಹುದು, ತಪ್ಪಿದರೆ ತಿದ್ದಬಹುದು. ಪಾರದರ್ಶಕವಾದ ಜಲವರ್ಣದಲ್ಲಿ ಬಿಳುಪೆಂಬ ಬಣ್ಣವೇ ಇಲ್ಲ. ಕಾಗದದ ಬಿಳುಪೇ ಬೆಳಕು. ಚಿತ್ರದಲ್ಲಿ ಎಲ್ಲಿ ಬೆಳಕಿರಬೇಕೋ ಆ ಎಡೆಯನ್ನು ಮೊದಲ ಕುಂಚವನ್ನು ಅದ್ದುವುದಕ್ಕೆ ಮುನ್ನವೇ ಮನಸ್ಸಿನಲ್ಲಿ ಮೀಸಲಿಟ್ಟು, ಕಡೆಯವರೆಗೂ ಕಾಯ್ದುಕೊಂಡು ಬರಬೇಕು. ಒಮ್ಮೆ ಮುಚ್ಚಿದ ಬಿಳುಪು ಎಂದಿನಂತೆ ಮತ್ತೆ ಬಾರದು. ತೊಳೆದರೆ ಮಾಸಲಾಗಿ ಉಳಿಯುವುದು. ಆದುದರಿಂದ ಈ ಕೆಲಸದಲ್ಲಿ ಏನನ್ನು ಬರೆಯಬೇಕೆಂಬುದಕ್ಕಿಂತ ಎಲ್ಲಿ ಕೈಯಿಡಬಾರದೆಂಬುದೇ ಮೊದಲನೆಯ ನಿರ್ಧಾರ. ಕಾಗದದ ಈ ಬೆಳಕನ್ನು ಕಾಯ್ದುಕೊಳ್ಳುವುದರಲ್ಲಿ ವೆಂಕಟಪ್ಪನವರ ಸಂಯಮವು ಅಸಾಧಾರಣವಾದುದು. ಅಪರಂಜಿಯ ರೇಕಿನಿಂದ ಬೆಳಕನ್ನು ಮೇಲಿನಿಂದ ಅಂಟಿಸುತ್ತಿದ್ದ ಮನೆತನದ ಮಗನು ಬರಿಯ ಕಾಗದದಿಂದ ಬೆಳಕನ್ನು ತೆಗೆದನು.

ಇದಲ್ಲದೆ ದಂತದ ಮೇಲೆ ಕಿರುಚಿತ್ರಗಳನ್ನು ಬರೆದರು. ಗಚ್ಚಿನ ಉಬ್ಬುಶಿಲ್ಪಗಳನ್ನು ಮಾಡಿದರು. ಶಿವತಾಂಡವ, ಶಕುಂತಲೆಯ ಬೀಳ್ಕೊಡುಗೆ ಮುಂತಾದ ಉಬ್ಬುಶಿಲ್ಪಗಳು ಪ್ರಸಿದ್ಧವಾದವು. ಉಬ್ಬುಶಿಲ್ಪದಲ್ಲಿ ಆಕೃತಿಯ ಹಿಂದೆ ಉಳಿಯುವ ಸಮತಲವೇ ಆಕಾಶ. ಶಿಲ್ಪಿಯು ಅದನ್ನು ಗಿಡಬಳ್ಳಿಗಳಿಂದ ತುಂಬಿದನೋ ಕುಣಿತಕ್ಕೆ ಎಡೆಯೇ ಉಳಿಯದು.

ಅವರ ಜೀವನಕ್ರಮವೂ ಇಂಥದೇ ಆಗಿದ್ದಿತು. ಮದುವೆಯಾಗಲಿಲ್ಲ. ಕಲೆಯೆಂಬುದು ವ್ರತವೆಂದೂ ವ್ರತಸ್ಥನಿಗೆ ಸಂಸಾರವು ಒಗ್ಗದೆಂದೂ ನಂಬಿ ಕಡೆಯವರೆಗೂ ನೈಷ್ಠಿಕ ಬ್ರಹ್ಮಚರ್ಯದಲ್ಲಿದ್ದರು. ಶುಚಿತ್ವ, ನಿಯಮ, ದಿನಚರಿಯನ್ನು ಬರೆದಿಡುವ ಪದ್ಧತಿ, ಕೆಲಸ ಮಾಡುವಾಗ ಯಾರನ್ನೂ ಸೇರಿಸದ ಏಕಾಂತ, ಇವುಗಳಲ್ಲಿ ಅವರು ಒಬ್ಬ ಯತಿಗೆ ಕಡಮೆಯಾಗಿರಲಿಲ್ಲ. ಚಿತ್ರಗಳನ್ನು ಮಾರಿ ಹಣ ಮಾಡಿಕೊಳ್ಳುವ ಚಪಲವು ಅವರಿಗಿರಲಿಲ್ಲ.

ಗುಣವನ್ನೇ ಹೇಳಿ ದೋಷವನ್ನು ಮುಚ್ಚಿಡುವುದು ಚರಿತ್ರೆಗೆ ಒಪ್ಪುವುದಲ್ಲವಾದ್ದರಿಂದ ಇನ್ನೊಂದು ಮಾತನ್ನೂ ಹೇಳಿಬಿಡುವೆನು. ಚಿತ್ರದಲ್ಲಿ ಅಷ್ಟು ಹದವಾಗಿ ತೆರಪು ಬಿಡಬಲ್ಲವರಾಗಿದ್ದ ವೆಂಕಟಪ್ಪನವರು ಜನರೊಡನೆ ವ್ಯವಹರಿಸುವಾಗ ತೆರಪು ಬಿಡಲಾರದೆ ಹೋದರು. ತಮಗೆ ಸರಿಯೆಂದು ಕಂಡುದರಿಂದ ಒಂದು ಗೆರೆಯಷ್ಟೂ ಅತ್ತಿತ್ತ ಸರಿಯುವ ಸ್ವಭಾವ ಅವರದಲ್ಲ. 1940ರಲ್ಲಿ ಆಶ್ರಯದಾತರಾದ ಮಹಾರಾಜರು ಸ್ವರ್ಗಸ್ಥರಾದ ಮೇಲೆ, ಮಾಡಿದ ಕೆಲಸದ ಸಂಭಾವನೆಯನ್ನು ಕುರಿತು ಅರಮನೆಯೊಡನೆ ತಕರಾರು ಹುಟ್ಟಿತು. ಅವರು ನ್ಯಾಯಸ್ಥಾನಕ್ಕೆ ಹೋದರು. ತೀರ್ಪು ಅವರ ಕಡೆಗೆ ಆಗಲಿಲ್ಲ. ತಂದೆಯೂ ತಾವೂ ಉಂಡ ಮನೆಯ ಮೇಲೆ ವ್ಯಾಜ್ಯ ಹೂಡಿದರೆಂದು ನಿಂದಿಸಿದವರುಂಟು. ಕಾಯಕಕ್ಕೆ ತಕ್ಕ ಪ್ರತಿಫಲವನ್ನು ಕೇಳುವುದರಲ್ಲಿ ಕೃತಘ್ನತೆಯೇನೂ ಇಲ್ಲವೆಂಬುದು ಶರಣರ ಮಾರ್ಗವನ್ನು ಅನುಸರಿಸುವ ನಮಗೆ ತಿಳಿಯದ ವಿಷಯವಲ್ಲ. ಅಲ್ಲಿ ಅವರನ್ನು ತಪ್ಪಿತಸ್ಥರೆನ್ನಲು ನನ್ನ ಮನಸ್ಸು ಒಡಂಬಡದು. ನನಗೆ ಖೇದವಾಗುವುದು ಬೇರೊಂದು ಕಾರಣಕ್ಕೆ. ಅವನೀಂದ್ರನಾಥರಿಂದಲೂ ಶೇಷಣ್ಣನವರಿಂದಲೂ ಅವರು ತುಂಬ ಪಡೆದರು. ಆದರೆ ಅವರಿಂದ ಪಡೆದು ಮುಂದಕ್ಕೆ ಒಯ್ದ ದೊಡ್ಡ ಶಿಷ್ಯಪರಂಪರೆಯೊಂದು ಬೆಳೆಯಲಿಲ್ಲ. ಅವರ ಸಹಾಧ್ಯಾಯಿಗಳಾದ ನಂದಲಾಲರು ಶಾಂತಿನಿಕೇತನದಲ್ಲಿ ನೂರಾರು ಶಿಷ್ಯರ ನಡುವೆ ಕುಳಿತರು. ವೆಂಕಟಪ್ಪನವರು ಬಾಗಿಲು ಮುಚ್ಚಿಕೊಂಡು ಒಬ್ಬರೇ ಕುಳಿತರು. ಗುರುಶಿಷ್ಯ ಸಂಬಂಧವನ್ನೇ ಪ್ರಾಣವೆಂದು ಭಾವಿಸುವ ಮಠದಲ್ಲಿ ಈ ಮಾತನ್ನು ಓದತಕ್ಕವರಿಗೆ ಆ ನಷ್ಟದ ಪರಿಮಾಣವು ಸುಲಭವಾಗಿ ತಿಳಿದೀತು. ಬಾಗಿಲು ತೆರೆದಿದ್ದರೆ ಉದಕಮಂಡಲದ ಆ ಚಿತ್ರಗಳು ಹುಟ್ಟುತ್ತಿದ್ದುವೋ ಇಲ್ಲವೋ ಎಂದು ಕೇಳಿದರೆ ಉತ್ತರ ಹೇಳಲು ನನಗೆ ಧೈರ್ಯವಿಲ್ಲ.

ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ ಅವರು ತಮ್ಮ ಕೃತಿಗಳು ಚೆದುರದೆ ಒಂದೆಡೆ ಇರಬೇಕೆಂದು ಬಯಸುತ್ತ, ವೀಣೆಯನ್ನು ನುಡಿಸುತ್ತ, ಎಂದಿನ ನಿಯಮದಿಂದಲೇ ಮುಪ್ಪನ್ನು ಕಳೆದು 1965ರಲ್ಲಿ ಕಾಲವಶರಾದರು. ಅನಂತರ ಸರಕಾರವು ಅವರ ಕೃತಿಗಳಿಗೆಂದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ಕಬ್ಬನ್ ಉದ್ಯಾನದ ಅಂಚಿಗೆ ಒಂದು ಚಿತ್ರಶಾಲೆಯನ್ನು ಕಟ್ಟಿಸಿ ಅದಕ್ಕೆ ಅವರ ಹೆಸರನ್ನೇ ಇಟ್ಟಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಭಕ್ತರು ಬೆಂಗಳೂರಿಗೆ ಹೋಗಿಬರುವುದು ದಿನನಿತ್ಯದ ಮಾತು. ಉದಕಮಂಡಲದ ಚಿತ್ರವೊಂದರ ಎದುರಿಗೆ ನಿಲ್ಲುವ ಅವಕಾಶ ಒದಗಿದವರು ಮೊದಲು ಬೆಟ್ಟವನ್ನು ನೋಡಿ, ಆಮೇಲೆ ಮೆಲ್ಲನೆ ಬೆಟ್ಟವು ಎಲ್ಲಿ ಮುಗಿಯಿತೆಂಬುದನ್ನು ಹುಡುಕಲಿ.